ಮುಂದಿನ ಸಲ ಕಟ್ಟಿದರಾಯಿತು

ವಾಕ್ಯ ಸರಿಯಾಗಿತ್ತು. ಶೆಫಿಕಾ ಅದರ ಕೆಳಗೆ ಕೆಂಪು ಗೆರೆ ಎಳೆದಳು.

"ಮತ್ತೆ ತಪ್ಪಾ ಟೀಚರ್?" ಎದುರು ಕೂತಿದ್ದ ಅಲ್ದೀನಾ ಬಗ್ಗಿ ನೋಡಿದಳು.

"ಯಾವ ಜರ್ಮನ್ನನೂ ಹೀಗೆ ಮಾತಾಡೋದಿಲ್ಲ. ತುಂಬ ಒರಟು. ಇದನ್ನೆಲ್ಲಿ ಕಲಿತೆ?"

"ರೋಗಿಗಳು ಏನೇನೋ ಮಾತಾಡ್ತಿರ್ತಾರೆ. ನಮ್ಮ ಟ್ರಾವ್ನಿಕ್ ಊರಿನ ಅರ್ಧ ಜನ ಜರ್ಮನಿಯಲ್ಲಿ ದುಡಿದು ಬಂದವರಲ್ಲವಾ." ಅಲ್ದೀನಾ ನಕ್ಕಳು. "ಹಾಗಾದ್ರೆ ಈ ಸಲ ಪರೀಕ್ಷೆ ಬೇಡವಾ?"

"ಅವಸರ ಮಾಡಿ ಫೇಲಾಗೋದು ಯಾಕೆ ಮಗಳೇ? ಮುಂದಿನ ಸಲ ಕಟ್ಟಿದರಾಯಿತು."

ಅಲ್ದೀನಾ ವಾದ ಮಾಡಲಿಲ್ಲ. ತಲೆಯಾಡಿಸಿ ಪುಸ್ತಕ ಮಡಚಿದಳು. ಬೈದಿದ್ದರೆ ಶೆಫಿಕಾಳಿಗೆ ಇಷ್ಟು ನೋಯುತ್ತಿರಲಿಲ್ಲ.

ಶಾಲೆಯಲ್ಲಿ ಜರ್ಮನ್ ಕಲಿಸಿ ನಿವೃತ್ತಳಾದ ಮೇಲೆ ಶೆಫಿಕಾ ಮನೆಯಲ್ಲೇ ಪಾಠ ಹೇಳುತ್ತಿದ್ದಳು. ಅವಳ ಬಳಿ ಕಲಿತ ನರ್ಸುಗಳು ಒಬ್ಬೊಬ್ಬರಾಗಿ ಹಾರಿಹೋಗಿದ್ದರು. ಭಾಷಾ ಪರೀಕ್ಷೆ ಪಾಸಾಗದೆ ಜರ್ಮನಿಯಲ್ಲಿ ನರ್ಸಾಗಿ ಕೆಲಸ ಮಾಡಲು ಪರವಾನಗಿ ಇಲ್ಲ. ಶೆಫಿಕಾ ಕಲಿಸಿದರೆ ಪಾಸಾಗದವರಿಲ್ಲ. ಅಲ್ದೀನಾ ಮಾತ್ರ ಉಳಿದಿದ್ದಳು. ಅವಳ ಗಂಡ ಜರ್ಮನಿಯ ಕಾಸೆಲ್‌ನಲ್ಲಿ ಟೈಲ್ಸ್ ಹಾಕುತ್ತಿದ್ದ. ಅದೇ ಊರಿನ ಆಸ್ಪತ್ರೆಯೊಂದು ಅವಳಿಗಾಗಿ ಜಾಗ ಕಾದಿಟ್ಟಿತ್ತು.

"ಅಪ್ಪನಿಗೆ ಮುತ್ತು ಕೊಡು ಅಂದ್ರೆ ನನ್ನ ಮಗಳು ಫೋನಿಗೆ ಕೊಡ್ತಾಳೆ ಟೀಚರ್," ಎಂದು ಅಲ್ದೀನಾ ಒಮ್ಮೆ ತಮಾಷೆಯಾಗಿಯೇ ಹೇಳಿದ್ದಳು. ಶೆಫಿಕಾ ನಗಲಾರದೆ ಕಾಫಿ ಬಿಸಿಮಾಡುವ ನೆಪದಲ್ಲಿ ಎದ್ದುಹೋಗಿದ್ದಳು.

ಏಕೆಂದರೆ ಊರಿನ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ನುರಿತ ಕೈ ಎಂದರೆ ಇನ್ನು ಅಲ್ದೀನಾಳದೊಂದೇ. ಶೆಫಿಕಾಳ ಗಂಡ ಹಿಲ್ಮಿಯಾ ವಾರಕ್ಕೆ ಮೂರು ಸಲ ಅಲ್ಲಿ ಯಂತ್ರದ ಪಕ್ಕ ಮಲಗುತ್ತಿದ್ದ. ಯೌವನವನ್ನೆಲ್ಲ ಜರ್ಮನಿಯ ಮಾನ್‌ಹೈಮ್‌ನ ಕಾರ್ಖಾನೆಯಲ್ಲಿ ಲಾರಿ ಇಂಜಿನ್ ಎತ್ತಿ ಕಳೆದ ಅವನ ತೋಳಿನಲ್ಲಿ ಈಗ ನರ ಹುಡುಕಿದರೂ ಸಿಗುತ್ತಿರಲಿಲ್ಲ. ಅಲ್ದೀನಾ ಕಣ್ಣುಮುಚ್ಚಿ ಬೆರಳಾಡಿಸಿದರೆ ಸಾಕು, ಒಂದೇ ಸಲಕ್ಕೆ ಸೂಜಿ ಕೂರುತ್ತಿತ್ತು. ಅವಳು ಹೋದರೆ? ಈ ಪ್ರಶ್ನೆಯ ಮುಂದೆ ಶೆಫಿಕಾ ಯೋಚನೆಯನ್ನು ಬೆಳೆಸುತ್ತಲೇ ಇರಲಿಲ್ಲ. ಕೆಂಪು ಪೆನ್ನು ಕೈಗೆತ್ತಿಕೊಳ್ಳುತ್ತಿದ್ದಳು.

ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಹಿಲ್ಮಿಯಾ ಆಸ್ಪತ್ರೆಯಿಂದ ಬಂದಾಗ ತೋಳು ನೀಲಿಗಟ್ಟಿತ್ತು.

"ಅಲ್ದೀನಾ ರಜೆಯಾ ಇವತ್ತು?"

"ಇದ್ದಳು. ಹೊಸ ನರ್ಸ್ ಚುಚ್ಚಿದಳು."

"ನೀನು ಯಾಕೆ ಬಿಟ್ಟೆ?"

"ಅವಳೂ ಕಲೀಬೇಕಲ್ಲ ಮಾರಾಯ್ತಿ." ಅವನ ದನಿ ಒಡೆದಿತ್ತು. ಈಚೆಗೆ ಯಂತ್ರದಿಂದ ಎದ್ದುಬಂದ ದಿನವೆಲ್ಲ ಹಾಗೇ.

"ಗಂಟಲಿಗೇನಾಯ್ತು?"

"ಆ ವಾರ್ಡಿನ ಹೀಟರ್ ಗಾಳಿ. ಅದಿರಲಿ, ನಿನ್ನ ಶಿಷ್ಯೆಗೆ ಇನ್ನೂ ಭಾಷೆ ಬಂದಿಲ್ಲವಂತೆ?"

"ಸ್ವಲ್ಪ ಮಂದ," ಎಂದಳು ಶೆಫಿಕಾ, ಬೇರೆಡೆ ನೋಡುತ್ತ.

"ನಿನ್ನಂಥ ಟೀಚರ್ ಸಿಕ್ಕಿದ ಮೇಲೂ?"

ಶೆಫಿಕಾ ಅವನ ತೋಳಿಗೆ ಒದ್ದೆ ಬಟ್ಟೆ ಒತ್ತಿದಳು. ಆ ನೀಲಿ ತೋಳನ್ನು ನೋಡಿದ ಮೇಲೆ ಮುಂದಿನ ಪಾಠದಲ್ಲಿ ಇನ್ನಷ್ಟು ಕೆಂಪು ಗೆರೆ ಎಳೆದಳು. ಎಳೆದ ಪ್ರತಿಯೊಂದೂ ತನ್ನ ಎದೆಯ ಮೇಲೇ ಬಿದ್ದಂತೆ ಆಗುತ್ತಿತ್ತು. ಶುಕ್ರವಾರದ ನಮಾಜಿಗೆ ನಿಂತರೆ ತುಟಿ ಆಡುತ್ತಿತ್ತು, ಮನಸ್ಸು ಕೂಡುತ್ತಿರಲಿಲ್ಲ.

ಹಿಮ ಕರಗಿದ ಮೇಲೆ ಒಂದು ದಿನ ಸಂತೆಯಲ್ಲಿ ಅಲ್ದೀನಾಳ ಮಗಳು ಎದುರಾದಳು. ಅಜ್ಜಿಯ ಕೈ ಬಿಡಿಸಿಕೊಂಡು ಓಡಿಬಂದು, ತಲೆಯೆತ್ತಿ ಕೇಳಿದಳು: "ಟೀಚರ್, ನಮ್ಮಮ್ಮ ದಡ್ಡಿನಾ?"

"ಯಾರು ಹೇಳಿದ್ದು ಪುಟ್ಟಾ?"

"ಅಮ್ಮನ ಪುಸ್ತಕದಲ್ಲಿ ಎಲ್ಲಾ ಕೆಂಪು ಕೆಂಪು. ಅವಳಿಗೆ ಬೈಬೇಡಿ. ನಾನು ಹೇಳ್ಕೊಡ್ತೀನಿ."

ಈರುಳ್ಳಿ ಕೊಳ್ಳಲು ಹೋಗಿದ್ದ ಶೆಫಿಕಾ ಬರಿಗೈಯಲ್ಲಿ ಮನೆಗೆ ಬಂದಳು.

ಆ ಗುರುವಾರ ಅಲ್ದೀನಾ ಎಂದಿನಂತೆ ಬಂದು ಕೂತು ಪುಸ್ತಕ ತೆರೆದಾಗ, ಶೆಫಿಕಾ ಅದನ್ನು ಮುಚ್ಚಿಬಿಟ್ಟಳು. ಒಳಕೋಣೆಯಲ್ಲಿ ಹಿಲ್ಮಿಯಾ ಮಲಗಿದ್ದ. ಅವನಿಗೆ ಕೇಳಿಸಬಾರದೆಂದು ಅವಳ ದನಿ ಪಿಸುಮಾತಾಯಿತು.

"ನೀನು ಯಾವಾಗಲೋ ತಯಾರಾಗಿದ್ದೆ ಅಲ್ದೀನಾ. ನಿನ್ನ ಸರಿಯನ್ನೆಲ್ಲ ನಾನೇ ತಪ್ಪು ಅಂದೆ. ನೀನು ಹೋದರೆ ನನ್ನ ಗಂಡನ ಗತಿ ಏನು ಅಂತ... ನಿನ್ನ ಮಗುವಿನಿಂದ ಅಪ್ಪನನ್ನು ದೂರ ಇಟ್ಟೆ. ಬೈದುಬಿಡು ನನ್ನ."

ಅಲ್ದೀನಾ ಅವಳ ಕೈ ಮೇಲೆ ಕೈಯಿಟ್ಟಳು. "ಗೊತ್ತಿತ್ತು ಟೀಚರ್."

"ಗೊತ್ತಿತ್ತಾ?"

"ಅವತ್ತು ಮುಂದಿನ ಸಲ ಅಂದಿರಲ್ಲ, ಆಗಲೇ ಸರಾಯೆವೊಗೆ ಹೋಗಿ ಪರೀಕ್ಷೆ ಕಟ್ಟಿದೆ. ಪಾಸಾಯ್ತು. ಈ ವಾರ ಪರವಾನಗಿನೂ ಬಂತು. ಮಗಳಿಗೂ ಹೇಳಿರಲಿಲ್ಲ, ಊರೆಲ್ಲ ಹೇಳಿಬಿಡ್ತಾಳೆ ಅಂತ." ಅವಳ ಕಣ್ಣು ತುಂಬಿತು. "ನನಗೆ ಕಲಿಸಿದವರು, 'ಕ್ಲಾಸ್ ಬಿಡಬೇಡ, ಟೀಚರ್‌ಗೆ ಗೊತ್ತಾದ್ರೆ ನಾಚಿಕೆಯಿಂದ ಕುಗ್ಗಿಹೋಗ್ತಾಳೆ, ಕೆಟ್ಟವಳಲ್ಲ, ಹೆದರಿದ್ದಾಳೆ ಅಷ್ಟೆ' ಅಂದ್ರು. ಅದಕ್ಕೇ ಬಂದು ನಿಮ್ಮೆದುರು ದಡ್ಡಿಯ ಹಾಗೆ ಕೂರ್ತಿದ್ದೆ. ಕ್ಷಮಿಸಿ."

ಶೆಫಿಕಾಳಿಗೆ ಮೊದಲು ಎದೆ ಹಗುರಾಯಿತು. ಅದರ ಬೆನ್ನಿಗೇ ಮುಖ ಕಾದಿತು. "ನಾನು ಕಲಿಸಿದ್ದನ್ನು ಕಟ್ಟಿಕೊಂಡು ನೀನು ಪಾಸಾಗೋಕೆ ಸಾಧ್ಯವೇ ಇರಲಿಲ್ಲ. ಯಾರದು? ಯಾರು ಕಲಿಸಿದ್ದು ನಿನಗೆ?"

ಅಲ್ದೀನಾ ಒಳಕೋಣೆಯ ಬಾಗಿಲ ಕಡೆ ನೋಡಿದಳು. "ಹಿಲ್ಮಿಯಾ ಮಾಮ. ಯಂತ್ರದ ಪಕ್ಕ ಮಲಗಿ ನನಗೆ ಭಾಷೆ ಹೇಳಿಕೊಟ್ರು, ಹೊಸ ನರ್ಸ್ ಕಲಿಯಲಿ ಅಂತ ತೋಳು ಒಡ್ಡಿಕೊಟ್ರು."