ಕಲ್ಲುಗೋಡೆಯ ಲಾಕಪ್ಪು

ಊರಿನಲ್ಲಿ ಮರೆ ಅನ್ನುವುದು ಇಲ್ಲವಾಗಿ ಹನ್ನೊಂದು ವರ್ಷವಾಗಿತ್ತು. ಕಳ್ಳರು ಅಡಗಬಾರದೆಂದು ಗೋಡೆಗಳನ್ನೆಲ್ಲ ಕೆಡವಿ ಗಾಜಿನವನ್ನು ನಿಲ್ಲಿಸಿದ್ದರು. ಯಾರ ಎದೆಬಡಿತ ಏರುಪೇರಾದರೂ ಅವರ ತಲೆಯ ಮೇಲೆ ಸೂರಿನಲ್ಲಿ ಕೂರಿಸಿದ್ದ ದೀಪ ತಾನೇ ಹತ್ತುತ್ತಿತ್ತು. ಗಂಡ ಸತ್ತ ಮೇಲೆ ನಿಂಬೆವ್ವ ಮನೆಯಲ್ಲಿ ಅತ್ತರೆ ಓಣಿಯೆಲ್ಲ ನೋಡುತ್ತಿತ್ತು; ಒಳಗೆ ಮಾತ್ರ ಒಬ್ಬರೂ ಬರುತ್ತಿರಲಿಲ್ಲ.

ಅದಕ್ಕೇ ಪ್ರತಿ ಸೋಮವಾರ ಮಧ್ಯಾಹ್ನ ಅವಳು ಪೊಲೀಸ್ ಠಾಣೆಗೆ ಹೋಗುತ್ತಿದ್ದಳು. ಖಾಲಿ ಬಿದ್ದಿದ್ದ ಅಲ್ಲಿನ ಲಾಕಪ್ಪಿಗೊಂದೇ ಇನ್ನೂ ಕಲ್ಲಿನ ಗೋಡೆಯಿತ್ತು, ದೀಪವಿರಲಿಲ್ಲ. ಅದರ ಮೂಲೆಯಲ್ಲಿ ಸೆರಗು ಬಾಯಿಗಿಟ್ಟು ಮನಸಾರೆ ಅತ್ತು, ಮುಖ ತೊಳೆದು ಮರಳುತ್ತಿದ್ದಳು. ಕಾನ್‌ಸ್ಟೇಬಲ್ ಮೌನೇಶ ಅಷ್ಟು ಹೊತ್ತೂ ಬೆನ್ನು ತಿರುಗಿಸಿ ಕೂರುತ್ತಿದ್ದ.

ಈ ಸೋಮವಾರ ಅವನು ಬಾಗಿಲು ತೆಗೆಯಲಿಲ್ಲ.

"ನಾಳೆ ಇದನ್ನ ಕೆಡವಿ ಗಾಜು ಹಾಕ್ತಾರಬೇ," ಅಂದ. "ವರ್ಷ ಆತು, ಒಂದೂ ಕೇಸಿಲ್ಲ."

"ಕೇಸ್ ಇದ್ರ?"

"ಇದ್ರ ಕೆಡವಂಗಿಲ್ಲ. ಆದ್ರ ಈ ಊರಾಗ ಕದಿಯವ್ರು ಯಾರದಾರ?"

ನಿಂಬೆವ್ವ ಎಪ್ಪತ್ತು ವರ್ಷದಲ್ಲಿ ಯಾರ ಮನೆಯ ಕಡ್ಡಿಯನ್ನೂ ಮುಟ್ಟಿದವಳಲ್ಲ. ಮೇಜಿನ ಮೇಲಿದ್ದ ಅವನ ಟೋಪಿ ಎತ್ತಿ ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. ದೀಪ ಹತ್ತಲಿಲ್ಲ, ಅವಳ ಎದೆ ಅಷ್ಟು ನಿರಾಳವಾಗಿತ್ತು.

"ಬರ್ಕೋ ತಮ್ಮಾ. ಕಳ್ಳತನ."

ಮೌನೇಶ ಕೇಸಿನ ಪುಸ್ತಕ ತೆಗೆದ. ಅವಳ ಹೆಸರು ಬರೆದ. ಅವಳು ಒಳಗೆ ಹೋದ ಮೇಲೆ ಮೊದಲ ಸಲ ಹೊರಗಿನಿಂದ ಬೀಗ ಹಾಕಿದ. ಹಾಕಿ ನಿಂತವನ ತಲೆಯ ಮೇಲೆ ದೀಪ ಧಗ್ಗನೆ ಹತ್ತಿತು.

ಕತ್ತಲೆಯಿಂದ ನಿಂಬೆವ್ವನ ದನಿ ಬಂತು: "ನೀನೂ ಒಳಗ ಬಾರೋ, ಮಗನ. ಇಲ್ಲಿ ಯಾರಿಗೂ ಕಾಣಂಗಿಲ್ಲ."