ಕಳಿಸಬೇಡ ಎಂದ ಮೇಲೆ

“ಎರಡು ಮಷೀನೂ ಚೆನ್ನಾಗೇ ಇವೆ ಮೇಡಂ, ಮುಖಮುಖ ನೋಡ್ಕೊಂಡು ಕೂತಿವೆ ಅಷ್ಟೇ,” ಎಂದು ಸಹೋದ್ಯೋಗಿ ಪರದೆಯ ಕೊನೆಯ ಸಾಲಿನ ಮೇಲೆ ಪೆನ್ನಿಟ್ಟ. “ಈ ಕಡೇದರ ಬಫರಲ್ಲಿ ಡೇಟಾ ಇಟ್ಕೊಳೋಕೆ ಜಾಗ ಇರ್ಲಿಲ್ಲ, ಕಳಿಸಬೇಡ ಅಂತು. ಆ ಕಡೇದು ನಿಲ್ಲಿಸ್ತು. ಆಮೇಲೆ ಜಾಗ ಆಯ್ತು, ಕಳಿಸು ಅಂತ ಇದು ಹೇಳಿದ್ದು ದಾರೀಲೇ ಕಳೆದುಹೋಗಿದೆ.”

“ಕಳಿಸೋ ಮಷೀನು ಆಗಾಗ ಒಂದೊಂದು ಬೈಟ್ ಹಾಕಿ, ಜಾಗ ಆಯ್ತಾ ಅಂತ ವಿಚಾರಿಸ್ಬೇಕಿತ್ತಲ್ಲ?” ಎಂದಳು ಅವಳು.

“ಹಾಗೆ ವಿಚಾರಿಸು ಅಂತ ನೆನಪಿಸೋ ಟೈಮರ್ ಬರೆಯೋದನ್ನೇ ಮರೆತಿದ್ದೀವಿ. ಪಾಪ, ಹೇಳಿದ ಮಾತು ಕೇಳೋ ಮಷೀನು!” ಎಂದು ಅವನು ನಕ್ಕ.

ಅವಳಿಗೆ ನಗು ಬರಲಿಲ್ಲ. ಹೆರಿಗೆಯಲ್ಲಿ ಮಗುವನ್ನು ಕಳೆದುಕೊಂಡ ತಂಗಿ, “ಈಗ ಏನೂ ಹೇಳ್ಬೇಡ ಅಕ್ಕಾ, ತಡ್ಕೊಳೋಕಾಗಲ್ಲ. ನಾನೇ ಕರೀತೀನಿ,” ಎಂದು ಫೋನಿಟ್ಟು ನಾಲ್ಕು ತಿಂಗಳಾಗಿತ್ತು. ನೋವಾದೀತೆಂದು ಹೆದರಿ ಇವಳು ಒಮ್ಮೆಯೂ ಫೋನ್ ಮಾಡಿರಲಿಲ್ಲ.

ಕಾರಿಡಾರಿಗೆ ಬಂದು ತಂಗಿಯ ನಂಬರ್ ಒತ್ತಿದಳು. “ಊಟ ಆಯ್ತಾ?” ಎಂದಷ್ಟೇ ಕೇಳಿದಳು.



“ಅಕ್ಕನಿಗೆ ಬರೋಕೆ ಹೇಳು ಅಂತ ಅಮ್ಮನ ಹತ್ರ ಎರಡು ತಿಂಗಳ ಹಿಂದೇನೇ ಹೇಳಿದ್ನಲ್ಲ. ಅಮ್ಮ ಮರೆತುಬಿಟ್ಳಾ?” ತಂಗಿಯ ದನಿ ಒಣಗಿತ್ತು. “ದಿನಾ ಬಾಗಿಲು ನೋಡ್ತಿದ್ದೆ ಅಕ್ಕಾ. ಕೊನೆಗೆ ತೊಟ್ಟಿಲನ್ನ ಒಬ್ಳೇ ಬಿಚ್ಚಿಟ್ಟೆ.”