ಹಡಗಿನ ಗಂಡ

ಬಂದವರಿಬ್ಬರೂ ಮೆಟ್ಟಿಲು ಹತ್ತಿ ಉಸಿರು ಬಿಡುವ ಮೊದಲೇ ಓನರಮ್ಮ ಕೇಳಿದರು, “ಗಂಡ ಎಲ್ಲಿ?”

“ಹಡಗಲ್ಲಿ,” ಎಂದಳು ಮಹಿಳಾ ನೆರವು ಕೇಂದ್ರದ ಅಕ್ಕ, ಒಂದಿಷ್ಟೂ ತಡವರಿಸದೆ. ಗಂಡನ ಏಟು ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರಿಗೆ ಬಾಡಿಗೆ ಮನೆ ಹುಡುಕಿಕೊಡುವುದು ಅವಳ ಕೆಲಸ. ಒಂಟಿ ಹೆಂಗಸು ಅಂದರೆ ಸಾಕು, ಖಾಲಿ ಇದ್ದ ಮನೆ ಕಣ್ಣೆದುರೇ ಭರ್ತಿಯಾಗಿಬಿಡುತ್ತದೆ. ಹಾಗಾಗಿ ಅಕ್ಕ ಎಷ್ಟೋ ಗಂಡಂದಿರನ್ನು ಹಡಗು ಹತ್ತಿಸಿ ಕಳಿಸಿದ್ದಳು. ಸಮುದ್ರದ ಮಧ್ಯಕ್ಕೆ ಹೋಗಿ ವಿಚಾರಿಸಿಕೊಂಡು ಬರುವವರು ಯಾರು?

“ಹಡಗಲ್ಲಿ ಏನ್ ಕೆಲಸ?”

“ಅಡುಗೆ,” ಎಂದಳು ಅಕ್ಕ.

“ಇಂಜಿನ್,” ಎಂದಳು ಮನೆ ಬೇಕಾಗಿದ್ದ ಹೊಲಿಗೆಯವಳು, ಅದೇ ಗಳಿಗೆಗೆ.

“ಇಂಜಿನ್ ಪಕ್ಕದಲ್ಲೇ ಅಡುಗೆಮನೆ ಅಮ್ಮಾ. ಬಿಡುವಿದ್ದಾಗ ಅಲ್ಲೂ ಕೈ ಹಾಕ್ತಾರೆ,” ಎಂದು ಅಕ್ಕ ತೇಪೆ ಹಚ್ಚಿದಳು, ಹೊಲಿಗೆಯವಳ ಕಾಲನ್ನು ಮೆತ್ತಗೆ ತುಳಿದಳು.

ಓನರಮ್ಮನಿಗೆ ಸಂಶಯ ಬರುವುದಿರಲಿ, ಖುಷಿಯೇ ಆಯಿತು. ಮಹಡಿಯ ಕೋಣೆಯ ಬೀಗ ತೆಗೆದು ತೋರಿಸಿದರು. ಒಂದು ಮೂಲೆಯಲ್ಲಿ ಒಲೆಕಟ್ಟೆ, ಧಾರಾಳ ಬೆಳಕಿನ ಕಿಟಕಿ, ಅದರ ಕೆಳಗೆ ಹೊಲಿಗೆ ಮೆಷಿನ್ನಿಗೆಂದೇ ಬಿಟ್ಟಂಥ ಜಾಗ. ಬಾಡಿಗೆಯೂ ಹೊಲಿಗೆಯವಳ ದುಡಿಮೆಗೆ ನಿಲುಕುವಂಥದು. ಬೀದಿ ಬೀದಿ ಅಲೆದು ಕಾಲು ಬಿದ್ದುಹೋದ ಮೇಲೆ ಸಿಕ್ಕ ಮನೆ ಇದೊಂದೇ. ಕೇಂದ್ರದಲ್ಲಿ ಅವಳು ಇರಬಹುದಾದ ಅವಧಿ ಮುಗಿಯುತ್ತ ಬಂದಿತ್ತು. ಇದೂ ತಪ್ಪಿದರೆ ಬೀದಿಯೇ ಗತಿ. ಅಕ್ಕ ಒಳಗೊಳಗೇ ಕುಣಿದಾಡಿದಳು.

“ನೀನೇನೂ ಯೋಚ್ನೆ ಮಾಡ್ಬೇಡ ಮಗಳೇ,” ಎಂದರು ಓನರಮ್ಮ. “ನಿನ್ನ ಗಂಡ ಬಂದಾಗ ನೀನು ಮನೇಲಿ ಇಲ್ದಿದ್ರೂ ಪರವಾಗಿಲ್ಲ. ಇನ್ನೊಂದು ಬೀಗದಕೈ ನನ್ನ ಹತ್ರ ಇರತ್ತೆ. ನಾನೇ ಬಾಗಿಲು ತೆಗೆದು ಒಳಗೆ ಕೂರಿಸ್ತೀನಿ. ನಿಂಗೆ ಹೇಳೋದೇ ಇಲ್ಲ. ನೋಡಿದ ತಕ್ಷಣ ಬೆಚ್ಚಿಬೀಳ್ಬೇಕು ನೀನು!”

ಹೊಲಿಗೆಯವಳ ಮುಖ ಬಿಳಿಚಿಕೊಂಡಿತು. ಅಕ್ಕನಿಗೂ ಆಗಲೇ ಎಡವಟ್ಟು ಅರ್ಥವಾಯಿತು. ಛೇ, ಇಷ್ಟು ಸಣ್ಣ ವಿಷಯ ತನಗೆ ಹೊಳೆಯಲೇ ಇಲ್ಲವಲ್ಲ! ಹಡಗಿನ ಗಂಡ ಅಂದರೆ ಒಂದಲ್ಲ ಒಂದು ದಿನ ಬರಲೇಬೇಕಾದ ಗಂಡ. ಹೀಗೆ ಎಷ್ಟು ಮನೆಗಳಲ್ಲಿ, ಹುಡುಕಿಕೊಂಡು ಬರುವ ಗಂಡಂದಿರಿಗೆ ಬಾಗಿಲು ತೆರೆಯುವ ಏರ್ಪಾಟನ್ನು ತಾನೇ ಮಾಡಿಬಂದಿದ್ದೇನೋ!

“ಅವನು ಹಡಗಲ್ಲಿಲ್ಲ,” ಎಂದಳು ಹೊಲಿಗೆಯವಳು. “ಇದೇ ಊರಲ್ಲಿದಾನೆ. ಹೊಡೀತಿದ್ದ, ಬಿಟ್ಟುಬಂದೆ. ಈಗ ಹುಡುಕ್ತಿದಾನೆ. ನೀವು ಮನೆ ಕೊಡದಿದ್ರೂ ಬೇಜಾರಿಲ್ಲಮ್ಮ. ಅವನಿಗೆ ಮಾತ್ರ ಬಾಗಿಲು ತೆಗೀಬೇಡಿ.”

ಇನ್ನೇನು, ಮನೆ ಹೋಯಿತು ಎಂದುಕೊಂಡು ಅಕ್ಕ ಚೀಲ ಹೆಗಲಿಗೇರಿಸಿದಳು.

ಓನರಮ್ಮ ಸೊಂಟದ ಮೇಲೆ ಕೈಯಿಟ್ಟು ಮೊದಲು ಅಕ್ಕನನ್ನೇ ತರಾಟೆಗೆ ತೆಗೆದುಕೊಂಡರು. “ಇಂಜಿನ್ ಪಕ್ಕದಲ್ಲಿ ಅಡುಗೆಮನೆ! ನನ್ನ ಕಿವಿಗೇ ಹೂವಿಡೋಕೆ ಬಂದ್ಯಾ? ನಿನಗೆ ಆಮೇಲೆ ಇದೆ.” ಆಮೇಲೆ ಹೊಲಿಗೆಯವಳ ಕಡೆ ತಿರುಗಿದರು. ದನಿ ಮೆತ್ತಗಾಗಿತ್ತು. “ನೀನು ನಾಳೇನೇ ಮೆಷಿನ್ ತಂದಿಡು. ನನ್ನ ದಾಟಿ ಅದು ಹೇಗೆ ಮೆಟ್ಟಿಲು ಹತ್ತುತ್ತಾನೋ ನಾನೂ ನೋಡ್ತೀನಿ. ಆದ್ರೆ ಬಂದೋನು ಅವನೇ ಅಂತ ನಂಗೆ ಗೊತ್ತಾಗ್ಬೇಕಲ್ಲ, ನೋಡೋಕೆ ಹೇಗಿದಾನೆ? ದಪ್ಪ ಮೀಸೆ? ಕೆಂಪು ಕಣ್ಣು?”

ಹೊಲಿಗೆಯವಳು ಅಲ್ಲವೆಂದು ತಲೆಯಾಡಿಸಿದಳು.

“ತುಂಬಾ ಒಳ್ಳೆಯವನ ಥರ ಇರ್ತಾನಮ್ಮ. ನಗ್ತಾ ನಗ್ತಾ ಮಾತಾಡಿಸ್ತಾನೆ. ನೋಡಿದ್ರೆ ನಿಮಗೇ ಬಾಗಿಲು ತೆಗೆಯೋಣ ಅನ್ಸತ್ತೆ.”